ಎರಡನೇ ಕ್ಯೂಬ್ ಬೇರೆ ದಿಕ್ಕಿಗೆ ತಿರುಗಲಿ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಗ್ರಾಫಿಕ್ಸ್ ಲ್ಯಾಬಿನಲ್ಲಿ ಒಂದು ಬಣ್ಣದ ಕ್ಯೂಬ್ ವರ್ಷಗಟ್ಟಲೆ ತಿರುಗಿದೆ. ಆರು ಮುಖ, ಎಂಟು ಮೂಲೆ, ಮೂಲೆಗೊಂದು ಬಣ್ಣ. ಮೌಸಿನ ಎಡಗುಂಡಿ ಒತ್ತಿದರೆ ಎಕ್ಸ್ ಅಕ್ಷದ ಸುತ್ತ ತಿರುಗುತ್ತದೆ, ನಡುಗುಂಡಿಗೆ ವೈ, ಬಲಗುಂಡಿಗೆ ಝಡ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015 ಮತ್ತು 2018ರ ಸ್ಕೀಮುಗಳಲ್ಲಿ ಆರನೇ ಸೆಮಿಸ್ಟರಿನ ಲ್ಯಾಬಿಗೆ ಗೊತ್ತುಮಾಡಿದ ಪ್ರೋಗ್ರಾಂಗಳಲ್ಲಿ ಇದೂ ಒಂದು. ಪರೀಕ್ಷೆಯ ದಿನ ಚೀಟಿ ಎತ್ತಿ ಇದು ಬಂದರೆ ವಿದ್ಯಾರ್ಥಿಗೆ ನೆಮ್ಮದಿ. ಕೋಡ್ ಬಾಯಿಪಾಠವಾಗಿರುತ್ತದೆ, ರೆಕಾರ್ಡಿನಲ್ಲಿ ಬರೆದಿರುತ್ತದೆ, ಔಟ್‌ಪುಟ್ ತಪ್ಪದೆ ಬರುತ್ತದೆ.

ಆದರೆ ಪರೀಕ್ಷೆಗೆ ಬಂದ ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಲಿ: "ಇದರ ಪಕ್ಕದಲ್ಲಿ ಇನ್ನೊಂದು ಕ್ಯೂಬ್ ಇಡಪ್ಪಾ, ಅದು ಬೇರೆ ದಿಕ್ಕಿಗೆ ತಿರುಗಲಿ." ಇದು ದೊಡ್ಡ ಬೇಡಿಕೆಯಲ್ಲ. ಕ್ಯೂಬ್ ತಿರುಗಿಸುವುದು ಗೊತ್ತಿದ್ದವನಿಗೆ ಎರಡು ಕ್ಯೂಬ್ ತಿರುಗಿಸುವುದು ಐದು ನಿಮಿಷದ ಕೆಲಸವಾಗಬೇಕು. ಆಗುವುದಿಲ್ಲ. ಏಕೆಂದರೆ ಆ ಪ್ರೋಗ್ರಾಮಿನಲ್ಲಿ ಕ್ಯೂಬ್ ಎಂಬುದೇ ಇಲ್ಲ. ಅಲ್ಲಿರುವುದು ಫೈಲಿನ ತಲೆಯಲ್ಲಿ ಘೋಷಿಸಿದ ಥೀಟಾ ಎಂಬ ಮೂರು ಸಂಖ್ಯೆಗಳ ಸಾಲು ಮತ್ತು ಆಕ್ಸಿಸ್ ಎಂಬ ಒಂದು ಪೂರ್ಣಾಂಕ. ಮೌಸ್ ಒತ್ತಿದಾಗ ಆಕ್ಸಿಸ್ ಬದಲಾಗುತ್ತದೆ. ಪ್ರತಿ ಸುತ್ತಿಗೂ ಆ ಅಕ್ಷದ ಥೀಟಾ ಹೆಚ್ಚುತ್ತಾ ಹೋಗಿ, 360 ದಾಟಿದರೆ 360 ಕಳೆಯಲಾಗುತ್ತದೆ. ಈ ಕೋನ ಯಾರದ್ದು? ಪ್ರೋಗ್ರಾಂ ಹೇಳುವುದಿಲ್ಲ. ಎರಡನೇ ಕ್ಯೂಬ್ ಬರೆದರೆ ಅದೂ ಅದೇ ಥೀಟಾ ಓದಿಕೊಂಡು ಮೊದಲನೆಯದರ ಹಾಗೆಯೇ ತಿರುಗುತ್ತದೆ. ಬೇರೆ ತಿರುಗಬೇಕಾದರೆ ಥೀಟಾ ಎರಡು, ಆಕ್ಸಿಸ್ ಎರಡು, ಸ್ಪಿನ್‌ಕ್ಯೂಬ್ ಎಂಬ ತಿರುಗಿಸುವ ಫಂಕ್ಷನ್ ಎರಡು ಎಂದು ಎಲ್ಲವನ್ನೂ ನಕಲು ಮಾಡಬೇಕು. ಹತ್ತು ಕ್ಯೂಬ್ ಕೇಳಿದರೆ ಹತ್ತು ನಕಲು.

ಇದು ವಿದ್ಯಾರ್ಥಿಯ ದಡ್ಡತನವಲ್ಲ, ಅವನಿಗೆ ಕಲಿಸಿದ ರೀತಿಯ ಫಲ. ಆ ರೀತಿಯ ಹಿಂದೆ ಒಂದು ನಂಬಿಕೆ ಇದೆ. ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ, ಸೀನಿಯರ್‌ಗಳ ಸಲಹೆಗಳಲ್ಲಿ, ಗೈಡುಗಳಲ್ಲಿ ಅದು ಗಟ್ಟಿಯಾಗಿ ಕೂತಿದೆ: ಗ್ರಾಫಿಕ್ಸ್ ಕಲಿಯಬೇಕಾದರೆ ಮೊದಲು ಸಿ ಭಾಷೆಯಲ್ಲೇ ಕಲಿಯಬೇಕು, ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ ಆಮೇಲೆ ನೋಡಿಕೊಂಡರಾಯಿತು. ಇದಕ್ಕೆ ಮೂರು ಕಾರಣ ಕೊಡುತ್ತಾರೆ. ಸಿ ಭಾಷೆ ಬುನಾದಿಯನ್ನು ತೋರಿಸುತ್ತದೆ, ಆಬ್ಜೆಕ್ಟುಗಳು ಅದನ್ನು ಮುಚ್ಚಿಡುತ್ತವೆ ಎನ್ನುವುದು ಮೊದಲನೆಯದು. ಗ್ರಾಫಿಕ್ಸ್ ಎಂದರೆ ಗಣಿತ ಮತ್ತು ಹಾರ್ಡ್‌ವೇರ್, ಅದಕ್ಕೂ ಕ್ಲಾಸುಗಳಿಗೂ ಸಂಬಂಧವಿಲ್ಲ ಎನ್ನುವುದು ಎರಡನೆಯದು. ಆಬ್ಜೆಕ್ಟ್ ಎಂದರೆ ನಿಧಾನ, ಗ್ರಾಫಿಕ್ಸಿಗೆ ಬೇಕಾದದ್ದು ವೇಗ ಎನ್ನುವುದು ಮೂರನೆಯದು. ಮೂರೂ ಕೇಳಲು ಸರಿಯೆನಿಸುತ್ತವೆ. ಒಂದೊಂದಾಗಿ ಒರೆಗೆ ಹಚ್ಚಿದರೆ ಮೂರೂ ನಿಲ್ಲುವುದಿಲ್ಲ.

ಎರಡನೆಯದರಿಂದ ಶುರು ಮಾಡಬೇಕು, ಏಕೆಂದರೆ ಅದು ಚರಿತ್ರೆಯನ್ನೇ ತಲೆಕೆಳಗು ಮಾಡುತ್ತದೆ. ಗ್ರಾಫಿಕ್ಸಿಗೂ ಆಬ್ಜೆಕ್ಟಿಗೂ ಸಂಬಂಧವಿಲ್ಲ ಎನ್ನುವುದು ತಾಯಿಗೂ ಮಗುವಿಗೂ ಸಂಬಂಧವಿಲ್ಲ ಎಂದಂತೆ.

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದರು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಪೆನ್ನು ಇಟ್ಟು ಗೆರೆ ಎಳೆಯಬಹುದಿತ್ತು. ಗ್ರಾಫಿಕ್ಸಿನ ಪಠ್ಯಪುಸ್ತಕಗಳು ಇದನ್ನೇ ಮೊದಲ ಹೆಜ್ಜೆಯಾಗಿ ಹೇಳುತ್ತವೆ, ಆದರೆ ಅದರೊಳಗಿನ ದೊಡ್ಡ ಯೋಚನೆಯನ್ನು ಬಿಟ್ಟುಬಿಡುತ್ತವೆ. ಸ್ಕೆಚ್‌ಪ್ಯಾಡಿನಲ್ಲಿ ಒಂದು ಆಕೃತಿಯನ್ನು ಮೂಲಚಿತ್ರವಾಗಿ ಬರೆದು, ಅದರ ಪ್ರತಿಗಳನ್ನು ಬೇಕಾದಷ್ಟು ಜಾಗದಲ್ಲಿ ಇಡಬಹುದಿತ್ತು. ಒಂದೊಂದು ಪ್ರತಿಗೂ ತನ್ನ ಜಾಗ, ತನ್ನ ಗಾತ್ರ, ತನ್ನ ಓರೆ. ಆಕಾರ ಮಾತ್ರ ಮೂಲದ್ದು. ಷಡ್ಭುಜಗಳ ಒಂದು ಜಾಲ ಬರೆದು, ಮೂಲದ ಷಡ್ಭುಜವನ್ನು ಅರ್ಧವೃತ್ತ ಮಾಡಿದರೆ, ಜಾಲವಿಡೀ ತಕ್ಷಣ ಮೀನಿನ ಹುರುಪೆಯಂತಾಗುತ್ತಿತ್ತು. ಇಂದು ಜಾವಾ ಕಲಿಯುವ ವಿದ್ಯಾರ್ಥಿ ಕ್ಲಾಸ್ ಮತ್ತು ಇನ್‌ಸ್ಟನ್ಸ್ ಎಂದು ಓದುವುದು ಇದನ್ನೇ.

ಮುಂದಿನ ಕೊಂಡಿಯೂ ದಾಖಲಾಗಿದೆ. 1966ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸೇರಿದ ಅಲನ್ ಕೇ ಅವರ ಕೈಗೆ ಸ್ಕೆಚ್‌ಪ್ಯಾಡ್ ಪ್ರಬಂಧ ಬಂತು. ಅದೇ ಹೊತ್ತಿಗೆ ನಾರ್ವೆಯ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ ಭಾಷೆಯ ಪರಿಚಯವೂ ಆಯಿತು. ಎರಡರಲ್ಲೂ ಒಂದೇ ತಿರುಳನ್ನು ಕಂಡ ಕೇ, ಮುಂದೆ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಗೆಳೆಯರೊಂದಿಗೆ ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಮಾತನ್ನು ಚಲಾವಣೆಗೆ ತಂದವರೂ ಅವರೇ. ಒಂದರ ಮೇಲೊಂದು ಹಾಸಿಕೊಳ್ಳುವ ಕಿಟಕಿಗಳು, ಪರದೆಯ ಚೌಕವನ್ನು ಒಂದೇ ಏಟಿಗೆ ನಕಲಿಸುವ ಬಿಟ್‌ಬ್ಲಿಟ್ ಇವೆಲ್ಲ ಆ ಸ್ಮಾಲ್‌ಟಾಕ್ ಬಳಗದಲ್ಲಿ ಹುಟ್ಟಿದವು. ಚಿತ್ರ ಬರೆಯುವ ಕಷ್ಟದಿಂದಲೂ ಆಬ್ಜೆಕ್ಟ್ ಮೂಡಿತು. ಬ್ಯಾಂಕ್ ಖಾತೆಯ ಉದಾಹರಣೆಗಳು ಆಮೇಲೆ ಬಂದವು.

ಆ ಕೇಂದ್ರದಲ್ಲಿ ಮಕ್ಕಳಿಗೂ ಸ್ಮಾಲ್‌ಟಾಕ್ ಕಲಿಸಿದ್ದರು ಎನ್ನುವುದನ್ನು ಇಲ್ಲಿ ಮರೆಯಬಾರದು. ಅಲನ್ ಕೇ ಮತ್ತು ಅಡೆಲ್ ಗೋಲ್ಡ್‌ಬರ್ಗ್ 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅದಕ್ಕೂ ಮೊದಲು ಪ್ರೋಗ್ರಾಮಿಂಗ್ ಮಾಡಿಯೇ ಗೊತ್ತಿರದ ಒಬ್ಬ ಹುಡುಗಿ ತಾನೇ ಚಿತ್ರ ಬರೆಯುವ ಸಾಧನವೊಂದನ್ನು ಕಟ್ಟಿದ ಸಂಗತಿ ಇದೆ. ಆಬ್ಜೆಕ್ಟ್ ಎನ್ನುವುದು ಮುಂದುವರಿದವರ ವಿಷಯ, ಆರಂಭಿಕರಿಗೆ ಭಾರ ಎನ್ನುವವರು ಈ ಹುಡುಗಿಗೆ ಉತ್ತರ ಕೊಡಬೇಕು.

ಈಗ ಮೊದಲನೆಯ ವಾದ: ಸಿ ಬುನಾದಿಯನ್ನು ತೋರಿಸುತ್ತದೆ. ತೋರಿಸುತ್ತದೆಯೆ? ಅದೇ ಲ್ಯಾಬಿನ ಇನ್ನೊಂದು ಪ್ರೋಗ್ರಾಂ ನೋಡಬೇಕು. ಮೇಜಿನ ಮೇಲೆ ಒಂದು ಟೀ ಕೆಟಲ್, ಅದರ ಮೇಲೆ ಬೆಳಕು. ಆ ಕೆಟಲಿಗೆ ದೊಡ್ಡ ಹೆಸರಿದೆ. 1975ರಲ್ಲಿ ಯೂಟಾದ ಮಾರ್ಟಿನ್ ನ್ಯೂವೆಲ್ ಮನೆಯ ಟೀ ಕೆಟಲನ್ನು ನೋಡಿ ಬೆಜಿಯೆ ವಕ್ರರೇಖೆಗಳಲ್ಲಿ ಬರೆದ ಆಕೃತಿ ಅದು. ಅಂದಿನಿಂದ ಜಗತ್ತಿನ ಎಷ್ಟೋ ಗ್ರಾಫಿಕ್ಸ್ ಪ್ರಯೋಗಗಳು ಅದನ್ನು ಬಳಸಿವೆ. ಲ್ಯಾಬಿನ ವಿದ್ಯಾರ್ಥಿ ಆ ವಕ್ರರೇಖೆಗಳಲ್ಲಿ ಒಂದನ್ನಾದರೂ ನೋಡುತ್ತಾನೆಯೆ? ಇಲ್ಲ. ಗ್ಲುಟ್ ಲೈಬ್ರರಿಯ ಸಾಲಿಡ್‌ಟೀಪಾಟ್ ಎಂಬ ಫಂಕ್ಷನ್ನನ್ನು ಒಂದು ಸಾಲಿನಲ್ಲಿ ಕರೆಯುತ್ತಾನೆ, ಕೆಟಲ್ ಬರುತ್ತದೆ. ರೊಟೇಟ್ ಎಂದು ಒಂದು ಸಾಲು ಬರೆದರೆ ಹದಿನಾರು ಸಂಖ್ಯೆಗಳ ಮ್ಯಾಟ್ರಿಕ್ಸ್ ಒಳಗೆಲ್ಲೋ ತಯಾರಾಗಿ ಒಳಗೆಲ್ಲೋ ಗುಣಾಕಾರವಾಗುತ್ತದೆ. ಪರ್ಸ್‌ಪೆಕ್ಟಿವ್‌ಗೆ ನಾಲ್ಕು ಸಂಖ್ಯೆ ಕೊಟ್ಟರೆ ದೂರದ್ದು ಚಿಕ್ಕದಾಗುತ್ತದೆ. ಏಕೆ ಚಿಕ್ಕದಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಇದೆಲ್ಲ ಅಪ್ಪಟ ಸಿ ಭಾಷೆಯ ಲೈಬ್ರರಿ. ಮುಚ್ಚಿಡುವುದು ಭಾಷೆಯಲ್ಲ, ಲೈಬ್ರರಿ. ಸಿಯಲ್ಲಿ ಬರೆದರೂ ಮುಚ್ಚಿಡಬಹುದು, ಜಾವಾದಲ್ಲಿ ಬರೆದರೂ ತೆರೆದಿಡಬಹುದು.

ಪಾಲಿಟೆಕ್ನಿಕ್ ಮತ್ತು ಬಿಸಿಎ ತರಗತಿಗಳಲ್ಲಿ ಓದಿದ ಒಂದು ತಲೆಮಾರಿಗೆ ಇದಕ್ಕಿಂತ ಹಳೆಯ ನೆನಪಿದೆ. ಟರ್ಬೊ ಸಿ, ಅದರ ಗ್ರಾಫಿಕ್ಸ್ ಹೆಡರ್ ಫೈಲ್, ಸಿ ಡ್ರೈವಿನ ಟಿಸಿ ಫೋಲ್ಡರಿನ ಬಿಜಿಐಗೆ ದಾರಿ ತೋರಿಸುವ ಇನಿಟ್‌ಗ್ರಾಫ್. ದಾರಿ ಒಂದಕ್ಷರ ತಪ್ಪಿದರೆ ಗ್ರಾಫಿಕ್ಸ್ ಶುರುವಾಗಿಲ್ಲ ಎಂಬ ಬಿಜಿಐ ಎರರ್. ಅದು ಡಾಸ್ ಕಾಲದ ಹದಿನಾರು ಬಿಟ್ಟಿನ ತಂತ್ರಾಂಶವಾದ್ದರಿಂದ 64 ಬಿಟ್ಟಿನ ವಿಂಡೋಸಿನಲ್ಲಿ ಹಾಗೇ ಓಡುವುದಿಲ್ಲ, ಡಾಸ್‌ಬಾಕ್ಸ್ ಬೇಕು. ಮೊದಲ ದಿನಗಳೆಲ್ಲ ಡಾಸ್‌ಬಾಕ್ಸ್ ಹಾಕಿಕೊಳ್ಳುವುದರಲ್ಲಿ, ಫೋಲ್ಡರ್ ಮೌಂಟ್ ಮಾಡುವುದರಲ್ಲಿ ಕಳೆದವು. ಆಮೇಲೆ ಸರ್ಕಲ್ ಎಂದು ಕರೆದರೆ ವೃತ್ತ ಬರುತ್ತಿತ್ತು. ಇದರಲ್ಲಿ ಬುನಾದಿ ಎಲ್ಲಿತ್ತು?

ಲ್ಯಾಬಿನ ಕ್ಯೂಬ್, ಕೆಟಲ್‌ಗಳು ನಿಂತಿರುವ ಓಪನ್‌ಜಿಎಲ್ ಲೈಬ್ರರಿಯ ಕಥೆಯೂ ಹೀಗೆಯೇ. ಬಿಗಿನ್ ಎಂದು ತೆರೆದು, ಒಂದೊಂದೇ ಮೂಲೆ ಕೊಟ್ಟು, ಎಂಡ್ ಎಂದು ಮುಚ್ಚುವ ಹಳೆಯ ಪದ್ಧತಿಯನ್ನು 2008ರ 3.0 ಆವೃತ್ತಿಯಲ್ಲಿ ಬಿಡಬೇಕಾದವುಗಳ ಪಟ್ಟಿಗೆ ಸೇರಿಸಿದರು, 2009ರ 3.1ರಲ್ಲಿ ತೆಗೆದೇ ಹಾಕಿದರು. ಅದರೊಂದಿಗೆ ಹಳೆಯ ರೊಟೇಟ್, ಪುಷ್‌ಮ್ಯಾಟ್ರಿಕ್ಸ್, ಪಾಪ್‌ಮ್ಯಾಟ್ರಿಕ್ಸ್‌ಗಳೂ ಹೋದವು. ಮೂಲ ಗ್ಲುಟ್‌ನ ಕೊನೆಯ ಆವೃತ್ತಿ 1998ರದು. ಹೀಗಿದ್ದೂ ನಮ್ಮ ಲ್ಯಾಬುಗಳು ಅವನ್ನೇ ಬುನಾದಿ ಎಂದು ಕಲಿಸುತ್ತಾ ಬಂದವು. ಬುನಾದಿ ಎನ್ನುವುದು ಹತ್ತು ವರ್ಷಕ್ಕೆ ಕಳಚಿ ಬೀಳಬಾರದು. ಸದಿಶ, ಮ್ಯಾಟ್ರಿಕ್ಸ್, ಕಿರಣ, ಬಣ್ಣ, ಬೆಳಕು ಇವೇ ಬುನಾದಿ. ಅವನ್ನು ವಿದ್ಯಾರ್ಥಿ ತಾನೇ ಕಟ್ಟಬೇಕು. ಕಟ್ಟುವುದಕ್ಕೆ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಿಂತ ಒಳ್ಳೆಯ ಸಾಧನವಿಲ್ಲ.

ಇದಕ್ಕೆ ಸಾಕ್ಷಿಯಾಗಿ ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡಬಹುದು. ಯಾವ ಗ್ರಾಫಿಕ್ಸ್ ಲೈಬ್ರರಿಯೂ ಇಲ್ಲದೆ, ಸಿ ಪ್ಲಸ್ ಪ್ಲಸ್ ಅಥವಾ ಜಾವಾದಲ್ಲಿ ಒಂದು ಗೋಳದ ಚಿತ್ರ ತೆಗೆಯುವುದು. ವಿಧಾನದ ಹೆಸರು ರೇ ಟ್ರೇಸಿಂಗ್. ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಹೆಸರಾಯಿತು. ಪೀಟರ್ ಶರ್ಲಿ 2016ರಲ್ಲಿ ಬರೆದ ಪುಟ್ಟ ಪುಸ್ತಕವೊಂದು ಇದನ್ನು ಒಂದು ವಾರಾಂತ್ಯದಲ್ಲಿ ಕಲಿಸುತ್ತದೆ. ಕಣ್ಣಿನಿಂದ ಪರದೆಯ ಪ್ರತಿಯೊಂದು ಚುಕ್ಕೆಯ ಮೂಲಕ ಒಂದೊಂದು ಕಿರಣ ಬಿಡಬೇಕು. ಅದು ಗೋಳಕ್ಕೆ ತಾಗಿದರೆ ಗೋಳದ ಬಣ್ಣ, ತಾಗದಿದ್ದರೆ ಆಕಾಶದ ಬಣ್ಣ. 200 ಚುಕ್ಕೆ ಅಗಲ, 100 ಚುಕ್ಕೆ ಎತ್ತರದ ಚಿತ್ರಕ್ಕೆ 20,000 ಕಿರಣ.

ತಾಗಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಸ್ಸೆಸ್ಸೆಲ್ಸಿ ಗಣಿತ ಸಾಕು. ಕಿರಣದ ಸಮೀಕರಣವನ್ನು ಗೋಳದ ಸಮೀಕರಣದಲ್ಲಿ ಹಾಕಿದರೆ ಒಂದು ವರ್ಗ ಸಮೀಕರಣ ಬರುತ್ತದೆ. ಅದರ ಶೋಧಕ ಸೊನ್ನೆಗಿಂತ ಕಡಿಮೆಯಾದರೆ ಕಿರಣ ಗೋಳವನ್ನು ತಪ್ಪಿಸಿಕೊಂಡು ಹೋಯಿತು, ಸೊನ್ನೆಯಾದರೆ ಸವರಿಕೊಂಡು ಹೋಯಿತು, ಹೆಚ್ಚಾದರೆ ತೂರಿಕೊಂಡು ಹೋಯಿತು. ಕಣ್ಣು ಮೂಲಬಿಂದುವಿನಲ್ಲಿದೆ, ನೋಟ ಝಡ್ ಅಕ್ಷದ ಋಣ ದಿಕ್ಕಿಗಿದೆ, ಒಂದು ಮಾನ ದೂರದಲ್ಲಿ ಅರ್ಧ ಮಾನ ತ್ರಿಜ್ಯದ ಗೋಳ ಇದೆ ಎಂದಿಟ್ಟುಕೊಂಡರೆ, ಸಮೀಕರಣದ ಮೂರು ಗುಣಕಗಳು 1, -2 ಮತ್ತು 0.75. ಶೋಧಕ 4ರಲ್ಲಿ 3 ಹೋಗಿ 1. ಮೂಲಗಳು 0.5 ಮತ್ತು 1.5. ಕಿರಣ ಅರ್ಧ ಮಾನ ದೂರದಲ್ಲಿ ಗೋಳದೊಳಗೆ ಹೊಕ್ಕು, ಒಂದೂವರೆ ಮಾನದಲ್ಲಿ ಹಿಂದಿನಿಂದ ಹೊರಬಿತ್ತು. ಕಣ್ಣಿಗೆ ಕಾಣುವುದು ಹತ್ತಿರದ್ದು, ಅಂದರೆ 0.5. ಹತ್ತನೇ ತರಗತಿಯಲ್ಲಿ ಅಂಕಕ್ಕಾಗಿ ಬಿಡಿಸಿದ ಲೆಕ್ಕ ಇಲ್ಲಿ ಕಣ್ಣೆದುರು ದುಂಡಗೆ ನಿಲ್ಲುತ್ತದೆ.

ಈ ಪ್ರೋಗ್ರಾಮಿನಲ್ಲಿ ಸದಿಶ ಒಂದು ಕ್ಲಾಸ್, ಕಿರಣ ಒಂದು ಕ್ಲಾಸ್, ಗೋಳ ಒಂದು ಕ್ಲಾಸ್, ಕ್ಯಾಮೆರಾ ಒಂದು ಕ್ಲಾಸ್. ಎರಡು ಸದಿಶಗಳನ್ನು ಕೂಡಿಸಲು ಸಿ ಪ್ಲಸ್ ಪ್ಲಸ್‌ನಲ್ಲಿ ನಡುವೆ ಕೂಡುವ ಚಿಹ್ನೆ ಹಾಕಿದರೆ ಮುಗಿಯಿತು. ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಬರೆದ ಹಾಗೆಯೇ ಕೋಡಿನಲ್ಲೂ ಕಾಣುತ್ತದೆ. ಗೋಳಕ್ಕೆ ತನ್ನ ಕೇಂದ್ರ, ತನ್ನ ತ್ರಿಜ್ಯ, ಕಿರಣ ತಾಗಿತೇ ಎಂದು ಹೇಳುವ ತನ್ನದೇ ಲೆಕ್ಕ. ನಾಳೆ ನೆಲವೊಂದು ಬೇಕೆಂದರೆ ಸಮತಲದ ಕ್ಲಾಸ್ ಬರೆದು, ಅದರ ತಾಗುವ ಲೆಕ್ಕವನ್ನು ಅದಕ್ಕೇ ಕೊಡಬೇಕು. ಚಿತ್ರ ತೆಗೆಯುವ ಮುಖ್ಯ ಲೂಪಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಎದುರಿಗಿರುವುದು ಗೋಳವೋ ನೆಲವೋ ಎಂದು ಅದು ಕೇಳುವುದೂ ಇಲ್ಲ. ತಾಗಿತೇ ಎಂದಷ್ಟೇ ಕೇಳುತ್ತದೆ, ಉತ್ತರ ಆಯಾ ವಸ್ತುವಿನದು. ಪಾಲಿಮಾರ್ಫಿಸಂ ಎಂಬ ಪದವನ್ನು ಪರೀಕ್ಷೆಗಾಗಿ ಉರುಹೊಡೆದ ವಿದ್ಯಾರ್ಥಿಗೆ ಅದರ ಅರ್ಥ ಗೊತ್ತಾಗುವುದು ಈ ಗಳಿಗೆಯಲ್ಲಿ. ಚಿತ್ರವನ್ನು ಪಿಪಿಎಂ ಎಂಬ ಸರಳ ಪಠ್ಯ ಫೈಲಿಗೆ ಬರೆಯಬಹುದು. ಅಗಲ, ಎತ್ತರ, 255 ಎಂಬ ಗರಿಷ್ಠ, ಆಮೇಲೆ ಚುಕ್ಕೆಗೆ ಮೂರರಂತೆ ಸಂಖ್ಯೆಗಳು. ಒಂದೇ ಒಂದು ಚುಕ್ಕೆಯ ಬಣ್ಣವನ್ನೂ ಬೇರೆಯವರ ಲೈಬ್ರರಿ ಲೆಕ್ಕ ಹಾಕಿರುವುದಿಲ್ಲ. ಇಲ್ಲಿ ಏನನ್ನು ಮುಚ್ಚಿಟ್ಟಂತಾಯಿತು?

ಬ್ರೆಸೆನ್‌ಹ್ಯಾಮ್ ಗೆರೆಗೂ ಇದೇ ಮಾತು. 1962ರಲ್ಲಿ ಐಬಿಎಂನ ಜ್ಯಾಕ್ ಬ್ರೆಸೆನ್‌ಹ್ಯಾಮ್ ಪ್ಲಾಟರ್ ಯಂತ್ರಕ್ಕಾಗಿ ರೂಪಿಸಿದ, ಗೆರೆ ಎಳೆಯುವ ಆ ವಿಧಾನಕ್ಕೆ ಬೇಕಿರುವುದು ಪೂರ್ಣಾಂಕಗಳ ಕೂಡು ಕಳೆ ಮಾತ್ರ. ಜಾವಾದ ಬಫರ್ಡ್‌ಇಮೇಜ್ ಮೇಲೆ ಒಂದೊಂದೇ ಚುಕ್ಕೆ ಇಟ್ಟು ಅದನ್ನು ಬರೆಯಬಹುದು. ಸಿಯಲ್ಲಿ ಬರೆದರೆ ಬುನಾದಿ, ಜಾವಾದಲ್ಲಿ ಬರೆದರೆ ಮೇಲುಮೇಲಿನದು ಎನ್ನುವುದಕ್ಕೆ ಆಧಾರವೇ ಇಲ್ಲ.

ಒಂದು ವಸ್ತುವಿನೊಳಗೆ ಇನ್ನೊಂದು ವಸ್ತು ಇರುವಲ್ಲಿ ಲ್ಯಾಬಿನ ದಾರಿಗೂ ಆಬ್ಜೆಕ್ಟಿನ ದಾರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಜಾತ್ರೆಯ ತೇರನ್ನು ಪರದೆಯ ಮೇಲೆ ಎಳೆಯಬೇಕು ಎಂದಿಟ್ಟುಕೊಳ್ಳೋಣ. ತೇರಿಗೆ ನಾಲ್ಕು ಗಾಲಿ, ಮೇಲೆ ಗೋಪುರ, ತುದಿಯಲ್ಲಿ ಕಲಶ. ತೇರು ಮುಂದೆ ಹೋದಂತೆ ಕಲಶವೂ ಹೋಗಬೇಕು, ಗಾಲಿಗಳು ಹೋಗುವುದರ ಜೊತೆಗೆ ಉರುಳಲೂ ಬೇಕು. ಗಾಲಿಯ ತ್ರಿಜ್ಯ ಒಂದು ಮೀಟರಾದರೆ ತೇರು ಸುಮಾರು 6.28 ಮೀಟರ್ ಸರಿದಾಗ ಗಾಲಿ ಸರಿಯಾಗಿ ಒಂದು ಸುತ್ತು ಮುಗಿಸಿರಬೇಕು. ಲೆಕ್ಕ ತಪ್ಪಿದರೆ ಗಾಲಿ ಜಾರಿದಂತೆ ಕಾಣುತ್ತದೆ.

ಲ್ಯಾಬಿನ ಪದ್ಧತಿಯಲ್ಲಿ ಇದನ್ನು ಬರೆಯುವ ವಿದ್ಯಾರ್ಥಿ ತೇರಿನ ಜಾಗ, ಗಾಲಿಗಳ ಕೋನ ಎಲ್ಲವನ್ನೂ ಫೈಲಿನ ತಲೆಯಲ್ಲಿ ಇಡುತ್ತಾನೆ. ಡಿಸ್‌ಪ್ಲೇ ಎಂಬ ಒಂದೇ ಉದ್ದ ಫಂಕ್ಷನ್ನಿನಲ್ಲಿ ಪುಷ್, ಪಾಪ್, ಟ್ರಾನ್ಸ್‌ಲೇಟ್, ರೊಟೇಟ್‌ಗಳ ಸಾಲು. ಮೊದಲ ಗಾಲಿ ಬರೆದ ಮೇಲೆ ಒಂದು ಪಾಪ್ ಮರೆತರೆ, ಎರಡನೇ ಗಾಲಿಯ ಜಾಗ ತಿರುಗಿದ ಅಕ್ಷಗಳ ಮೇಲೆ ಅಳೆಯಲ್ಪಡುತ್ತದೆ. ತೇರು ಹೊರಟ ಕೂಡಲೇ ಆ ಗಾಲಿ ತನ್ನ ಅಚ್ಚಿನಲ್ಲಿ ನಿಲ್ಲದೆ ಮೊದಲ ಗಾಲಿಯ ಸುತ್ತ ಗಿರಕಿ ಹೊಡೆಯುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಲು ಇಡೀ ಫಂಕ್ಷನ್ ಓದಬೇಕು. ಆಬ್ಜೆಕ್ಟಿನ ದಾರಿಯಲ್ಲಿ ಗಾಲಿ ಒಂದು ಕ್ಲಾಸ್. ತ್ರಿಜ್ಯ ಅದರದು, ಕೋನ ಅದರದು, ಉರುಳು ಎಂದು ದೂರ ಕೊಟ್ಟರೆ ಆ ದೂರವನ್ನು ತ್ರಿಜ್ಯದಿಂದ ಭಾಗಿಸಿ ಕೋನ ಹೆಚ್ಚಿಸಿಕೊಳ್ಳುತ್ತದೆ. ಪುಷ್ ಮತ್ತು ಪಾಪ್ ಎರಡೂ ಗಾಲಿಯ ಬರೆಯುವ ವಿಧಾನದೊಳಗೇ ಜೋಡಿಯಾಗಿ ಕೂರುತ್ತವೆ. ತೇರು ತನ್ನ ಗಾಲಿಗಳ ಪಟ್ಟಿ ಇಟ್ಟುಕೊಂಡು ತಾನು ಸರಿದಷ್ಟು ಅವಕ್ಕೆ ಹೇಳುತ್ತದೆ. ತಪ್ಪಾಗುವುದೇ ಇಲ್ಲ ಎಂದಲ್ಲ. ತಪ್ಪಾದರೆ ಯಾರ ಮನೆಯಲ್ಲಿ ಹುಡುಕಬೇಕು ಎಂದು ಗೊತ್ತಿರುತ್ತದೆ.

ಉದ್ಯಮ ಈ ದಾರಿಯನ್ನು ಹಿಡಿದು ದಶಕಗಳೇ ಕಳೆದಿವೆ. ಓಪನ್‌ಜಿಎಲ್ ಹೊರತಂದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯೇ 1990ರ ದಶಕದ ಆರಂಭದಲ್ಲಿ ಅದರ ಜೊತೆಜೊತೆಗೆ ಇನ್ವೆಂಟರ್ ಎಂಬ ಸಿ ಪ್ಲಸ್ ಪ್ಲಸ್ ಸಾಧನವನ್ನೂ ಕೊಟ್ಟಿತು. ಇಡೀ ದೃಶ್ಯವನ್ನು ಆಬ್ಜೆಕ್ಟುಗಳ ಮರವಾಗಿ ಕಟ್ಟುವುದು ಅದರ ತಿರುಳು. 2010ರಲ್ಲಿ ಬಂದ ಥ್ರೀ ಜೆಎಸ್ ಇಂದು ಬ್ರೌಸರಿನಲ್ಲಿ ಮೂರು ಆಯಾಮದ ಚಿತ್ರ ತೋರಿಸುವುದು ಅದೇ ಮರದ ಮೇಲೆ. ಸೀನ್, ಕ್ಯಾಮೆರಾ, ಮೆಶ್, ಲೈಟ್, ಒಂದೊಂದೂ ಒಂದೊಂದು ಆಬ್ಜೆಕ್ಟ್. ಕಲಾವಿದರಿಗಾಗಿ ಕೇಸಿ ರಿಯಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಪ್ರೊಸೆಸಿಂಗ್ ಕೂಡ ಜಾವಾದ ಮೇಲೆಯೇ ನಿಂತಿದೆ.

ಹಕ್ಕಿಗಳ ಹಿಂಡಿನ ಉದಾಹರಣೆ ಇನ್ನೂ ಸೊಗಸಾದದ್ದು. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ತಮ್ಮ ಪ್ರಬಂಧದಲ್ಲಿ ಹಿಂಡಿನ ಹಾರಾಟವನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಬಗೆ ತೋರಿಸಿದರು. ಹಿಂಡಿಗೆ ದಾರಿ ಹಾಕಿಕೊಡುವ ಯಾವ ಆಜ್ಞೆಯೂ ಅದರಲ್ಲಿ ಇಲ್ಲ. ಪ್ರತಿ ಹಕ್ಕಿಯೂ ಸ್ವತಂತ್ರ ಪಾತ್ರ. ಪಕ್ಕದವುಗಳಿಗೆ ಡಿಕ್ಕಿ ಹೊಡೆಯಬಾರದು, ಅವುಗಳ ವೇಗಕ್ಕೆ ಹೊಂದಿಕೊಳ್ಳಬೇಕು, ಗುಂಪಿನ ನಡುವಿನ ಕಡೆಗೆ ವಾಲಬೇಕು ಎಂಬ ಮೂರು ನಿಯಮ ಪ್ರತಿಯೊಂದರೊಳಗೂ ಇದೆ. ಸಾಲು ಮುರಿದು ಮತ್ತೆ ಕೂಡುವ ಹಿಂಡು ಅಷ್ಟರಿಂದಲೇ ಹುಟ್ಟುತ್ತದೆ. 1992ರ ಬ್ಯಾಟ್‌ಮನ್ ರಿಟರ್ನ್ಸ್ ಚಿತ್ರದ ಬಾವಲಿಗಳ ಹಿಂಡು ಮೂಡಿದ್ದು ಇದೇ ಬಗೆಯಲ್ಲಿ. ಹಕ್ಕಿಯನ್ನು ಹಕ್ಕಿಯೆಂದು ಯೋಚಿಸದೆ ಬರೀ ಸಂಖ್ಯೆಗಳ ಸಾಲೆಂದು ಯೋಚಿಸಿದ್ದರೆ ಈ ಪರಿಹಾರ ಹೊಳೆಯುವುದು ಕಷ್ಟವಿತ್ತು.

ಉಳಿದದ್ದು ವೇಗದ ವಾದ. ಮೂರರಲ್ಲಿ ಇದೊಂದಕ್ಕೆ ನಿಜವಾದ ತೂಕವಿದೆ, ಆದ್ದರಿಂದ ಅದನ್ನು ನ್ಯಾಯವಾಗಿ ಎದುರಿಸಬೇಕು. ಗ್ರಾಫಿಕ್ಸ್ ಚಿಪ್ಪಿಗೆ ಬೇಕಿರುವುದು ಒತ್ತೊತ್ತಾಗಿ ಜೋಡಿಸಿದ ಸಂಖ್ಯೆಗಳ ಸಾಲು. ಸಾವಿರಾರು ಕಣಗಳನ್ನು ಒಂದೊಂದು ಆಬ್ಜೆಕ್ಟ್ ಮಾಡಿ ಮೆಮೊರಿಯಲ್ಲಿ ಚದುರಿಸಿದರೆ, ಪ್ರೊಸೆಸರ್ ಒಂದು ಕಣದ ಜಾಗ ಓದಲು ಹೋಗಿ ಬೇಡದ ವಿವರಗಳನ್ನೂ ಹೊತ್ತು ತರುತ್ತದೆ, ಕ್ಯಾಶ್ ವ್ಯರ್ಥವಾಗುತ್ತದೆ. ಆಟಗಳ ಉದ್ಯಮದ ಮೈಕ್ ಆ್ಯಕ್ಟನ್ 2014ರಲ್ಲಿ ಸಿ ಪ್ಲಸ್ ಪ್ಲಸ್ ಸಮ್ಮೇಳನವೊಂದರಲ್ಲಿ ಇದನ್ನೇ ಮುಂದಿಟ್ಟು ಕಟುವಾಗಿ ಮಾತನಾಡಿದರು. ಚಿಪ್ಪಿನ ಮೇಲೆ ಓಡುವ ಶೇಡರ್‌ಗಳನ್ನು ಬರೆಯುವ ಜಿಎಲ್‌ಎಸ್‌ಎಲ್ ಭಾಷೆಯಲ್ಲಿ ಕ್ಲಾಸುಗಳೇ ಇಲ್ಲ. ಇವೆಲ್ಲ ಸತ್ಯ.

ಆದರೆ ಈ ಸತ್ಯ ಯಾರ ಸಮಸ್ಯೆ? ಸೆಕೆಂಡಿಗೆ 60 ಚೌಕಟ್ಟು, ಲಕ್ಷಾಂತರ ತ್ರಿಕೋನ ಎಂದು ಹೋರಾಡುವ ಎಂಜಿನ್ ಕಟ್ಟುವವರದು. ಲ್ಯಾಬಿನ ಕ್ಯೂಬಿಗೆ ಇರುವುದು ಹನ್ನೆರಡು ತ್ರಿಕೋನ. ಅದನ್ನು ಯಾವ ಭಾಷೆಯಲ್ಲಿ ಬರೆದರೂ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಜಾವಾ ಗ್ರಾಫಿಕ್ಸಿಗೆ ಆಗದು ಎನ್ನುವವರು ಮೈನ್‌ಕ್ರಾಫ್ಟ್ ನೆನಪಿಸಿಕೊಳ್ಳಲಿ. 2009ರಲ್ಲಿ ಮಾರ್ಕಸ್ ಪೆರ್ಸನ್ ಆ ಆಟವನ್ನು ಬರೆದದ್ದು ಜಾವಾದಲ್ಲಿ, ಓಪನ್‌ಜಿಎಲ್ ಮೇಲೆ. 2014ರಲ್ಲಿ ಮೈಕ್ರೋಸಾಫ್ಟ್ ಆ ಆಟದ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡಿತು. ಜಾವಾದ ನಿಧಾನ ಅದರ ದಾರಿಗೆ ಅಡ್ಡ ಬರಲಿಲ್ಲ. ಇನ್ನು ಆಬ್ಜೆಕ್ಟುಗಳನ್ನು ಒಡೆದು ಸಾಲುಗಳಾಗಿ ಜೋಡಿಸಬೇಕಾದ ದಿನ ಬಂದರೆ, ಏನನ್ನು ಒಡೆಯುತ್ತಿದ್ದೇನೆ, ಏಕೆ ಒಡೆಯುತ್ತಿದ್ದೇನೆ ಎಂದು ಮೊದಲು ಅವನ್ನು ಕಟ್ಟಿದವನಿಗೆ ತಿಳಿದಿರುತ್ತದೆ. ಗ್ಲೋಬಲ್ ವೇರಿಯಬಲ್‌ಗಳ ರಾಶಿಯಿಂದ ಶುರು ಮಾಡಿದವನಿಗೆ ಆ ತಿಳಿವು ಬರುವ ದಾರಿಯೇ ಇಲ್ಲ. ಅವನು ಆಬ್ಜೆಕ್ಟುಗಳಿಂದ ತಪ್ಪಿಸಿಕೊಂಡದ್ದು ವೇಗಕ್ಕಾಗಿ ಅಲ್ಲ, ರೂಢಿಗಾಗಿ.

ಆಬ್ಜೆಕ್ಟ್ ಕಲಿಸುವವರ ಕಡೆಯ ತಪ್ಪನ್ನೂ ಇಲ್ಲಿ ಹೇಳಲೇಬೇಕು. ನಾಯಿ ಒಂದು ಪ್ರಾಣಿ, ಬೆಕ್ಕು ಒಂದು ಪ್ರಾಣಿ, ಎರಡೂ ಕೂಗುತ್ತವೆ ಎಂದು ಇನ್‌ಹೆರಿಟೆನ್ಸ್ ಕಲಿಸುವ ಪಾಠಗಳೇ ಈ ಭಾಷೆಗಳ ಮೇಲೆ ಬೇಸರ ಹುಟ್ಟಿಸಿವೆ. ಚೌಕ ಒಂದು ಆಯತ, ಆದ್ದರಿಂದ ಚೌಕದ ಕ್ಲಾಸ್ ಆಯತದ ಕ್ಲಾಸಿನಿಂದ ಇಳಿದು ಬರಬೇಕು ಎನ್ನುವ ಪ್ರಸಿದ್ಧ ಉದಾಹರಣೆಯೂ ತಪ್ಪು ದಾರಿ. ಆಯತದ ಅಗಲವೊಂದನ್ನೇ ಬದಲಿಸಬಹುದು, ಚೌಕದ ಅಗಲ ಬದಲಿಸಿದರೆ ಎತ್ತರವೂ ಬದಲಾಗಬೇಕು, ಅಲ್ಲಿಗೆ ಇಡೀ ಏರ್ಪಾಡು ಮುರಿಯುತ್ತದೆ. ಗ್ರಾಫಿಕ್ಸಿಗೆ ಉದ್ದುದ್ದ ವಂಶವೃಕ್ಷ ಬೇಡ. ಸದಿಶ, ಬಣ್ಣ, ಮ್ಯಾಟ್ರಿಕ್ಸ್, ಆಕೃತಿ, ಕ್ಯಾಮೆರಾ ಎಂಬ ನಾಲ್ಕೈದು ಪುಟ್ಟ ಕ್ಲಾಸುಗಳು ಸಾಕು. ಅವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸವಿದೆ, ತಪ್ಪಾದರೆ ಪರದೆಯ ಮೇಲೆ ಕೂಡಲೇ ಕಾಣುತ್ತದೆ.

ನಮ್ಮ ಪಠ್ಯಕ್ರಮದ ನಷ್ಟ ಇರುವುದು ಇಲ್ಲಿಯೇ. 2015 ಮತ್ತು 2018ರ ಸ್ಕೀಮುಗಳಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಕಾನ್ಸೆಪ್ಟ್ಸ್ ನಾಲ್ಕನೇ ಸೆಮಿಸ್ಟರಿನಲ್ಲಿತ್ತು, ಗ್ರಾಫಿಕ್ಸ್ ಆರನೆಯದರಲ್ಲಿ. ನಡುವೆ ಒಂದು ವರ್ಷದ ಅಂತರ. ಆಬ್ಜೆಕ್ಟ್ ಕಲಿತಾಗ ಅದಕ್ಕೆ ಬಳಕೆ ಇರಲಿಲ್ಲ, ಬಳಕೆ ಬಂದಾಗ ಅದನ್ನು ಪಕ್ಕಕ್ಕಿಟ್ಟು ಸಿಗೆ ಮರಳಿದರು. 2021ರ ಸ್ಕೀಮಿನಲ್ಲಿ ಗ್ರಾಫಿಕ್ಸಿಗೆ ಇಮೇಜ್ ಪ್ರೊಸೆಸಿಂಗನ್ನು ಜೊತೆಗೂಡಿಸಲಾಯಿತು. ಬದಲಾವಣೆ ಒಳ್ಳೆಯದೇ, ಆದರೆ ಎರಡು ಪಾಠಗಳ ನಡುವಿನ ಈ ಗೋಡೆ ಅದರಿಂದ ಬೀಳುವುದಿಲ್ಲ. ಒಂದು ಪಾಠ ಇನ್ನೊಂದಕ್ಕೆ ಜೀವ ಕೊಡಬಹುದಾಗಿತ್ತು. ಎರಡೂ ಒಣಗಿದವು.

ಇದನ್ನು ಸರಿಪಡಿಸಲು ಹೊಸ ಸಿಲಬಸ್ ಬರುವ ತನಕ ಕಾಯಬೇಕಿಲ್ಲ. ಓಪನ್‌ಜಿಎಲ್ ಅನ್ನು ಸಿ ಪ್ಲಸ್ ಪ್ಲಸ್‌ನಿಂದ, ಜಾವಾದಿಂದ, ಪೈಥಾನಿನಿಂದ ಕರೆಯಬಹುದು. ಪ್ರೊಸೆಸಿಂಗ್ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ರೇ ಟ್ರೇಸರಿಗೆ ಕಂಪೈಲರ್ ಬಿಟ್ಟು ಬೇರೇನೂ ಬೇಡ. ಬೇಕಿರುವುದು ಲ್ಯಾಬಿನ ಮೇಷ್ಟ್ರುಗಳ ಮನಸ್ಸು. ಮುಂದಿನ ಬ್ಯಾಚಿಗೆ ಕ್ಯೂಬಿನ ಪ್ರೋಗ್ರಾಂ ಕೊಡುವಾಗ ಅವರು ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಲಿ: ಪಕ್ಕದಲ್ಲಿ ಎರಡನೇ ಕ್ಯೂಬ್ ಇಡಿ, ಅದು ಬೇರೆ ದಿಕ್ಕಿಗೆ ತಿರುಗಲಿ. ವಿದ್ಯಾರ್ಥಿ ಥೀಟಾವನ್ನು ಕ್ಯೂಬ್ ಎಂಬ ಕ್ಲಾಸಿನೊಳಗೆ ತಂದಿಡುವ ತನಕ ಅವನ ರೆಕಾರ್ಡಿಗೆ ಸಹಿ ಹಾಕಬೇಡಿ.